ನಿನ್ನೆ ಕದ್ದವನಿಗೆ ಇವತ್ತೂ ‘ಬನ್ನಿ ಅಣ್ಣಾ’ ಅನ್ನಬಾರದು: ಗೇಮ್ ಪಾತ್ರಗಳಿಗೆ ಜೀವ ತುಂಬುವುದು ಹೇಗೆ?

ಗೇಮ್‌ನಲ್ಲಿ ಒಂದು ಮಿರ್ಚಿ ಅಂಗಡಿ. ಆಟಗಾರ ಗಲ್ಲಾದಿಂದ ದುಡ್ಡು ಎತ್ತಿಕೊಂಡು ಓಡುತ್ತಾನೆ. ಮರುದಿನ ಮತ್ತೆ ಅಲ್ಲಿಗೇ ಬಂದರೆ ಅಂಗಡಿಯವನು ನಗುತ್ತಾ ‘ಬನ್ನಿ ಅಣ್ಣಾ, ಏನು ಕೊಡ್ಲಿ?’ ಅನ್ನುತ್ತಾನೆ. ಆಟದ ಮೇಲಿದ್ದ ನಂಬಿಕೆ ಅಲ್ಲಿಗೇ ಹೋಯಿತು. ಅವನ ಮೀಸೆಯ ಒಂದೊಂದು ಕೂದಲನ್ನೂ ಎಷ್ಟೇ ಚಂದ ಬರೆದಿದ್ದರೂ ಅವನು ಗೊಂಬೆಯೇ. ನಮ್ಮ ದಾವಣಗೆರೆಯಲ್ಲಿ ಯಾವ ಅಂಗಡಿಯವನು ಹೀಗೆ ಮರೆಯುತ್ತಾನೆ ಹೇಳಿ?

ಪಾತ್ರ ನಿಜ ಅನ್ನಿಸಬೇಕಾದರೆ ಎರಡು ಗುಣ ಸಾಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಡೆದದ್ದು ನೆನಪಿರಬೇಕು, ಒಬ್ಬೊಬ್ಬರ ಜೊತೆ ಒಂದೊಂದು ಥರ ನಡೆದುಕೊಳ್ಳಬೇಕು. ಇದನ್ನು ಮಾಡಲು ದೊಡ್ಡ ಕಂಪ್ಯೂಟರ್ ಬೇಡ. ಗೇಮ್ ಕಟ್ಟುವ ಸಾಫ್ಟ್‌ವೇರ್ ಆದ ಗೊಡೋ ಎಂಜಿನ್ ಪುಕ್ಕಟೆ ಸಿಗುತ್ತದೆ, ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ.

ಮೊದಲು ಜಾಗ ಚಿಕ್ಕದು ಮಾಡಿಕೊಳ್ಳಿ. ಇಡೀ ಊರು ಬೇಡ, ಒಂದು ಬೆಣ್ಣೆ ದೋಸೆ ಹೋಟೆಲ್ ಸಾಕು. ಕಟ್ಟಿಗೆ ಒಲೆಯ ಮುಂದೆ ದೋಸೆ ಹುಯ್ಯುವ ಅಣ್ಣ, ಸಪ್ಲೈಯರ್ ಹುಡುಗ, ಗಲ್ಲಾದಲ್ಲಿ ಮಾಲೀಕ, ಹತ್ತಿ ಗಿರಣಿಯಲ್ಲಿ ದುಡಿದು ಈಗ ದಿನಾ ಬೆಳಿಗ್ಗೆ ಬಂದು ಕೂರುವ ಅಜ್ಜ, ಎದುರಿಗೆ ಮಂಡಕ್ಕಿ ಮಾರುವ ಅಕ್ಕ. ಐದು ಜನ. ಒಬ್ಬರ ಬಗ್ಗೆ ಇನ್ನೊಬ್ಬರಿಗೆ ಒಂದೊಂದು ಅಭಿಪ್ರಾಯ ಅಂತ ಲೆಕ್ಕ ಹಾಕಿದರೂ ಆಗಲೇ 20 ಸಂಬಂಧ. 25 ಜನ ಆದರೆ 600! ಅದಕ್ಕೇ ಐದರಿಂದ ಶುರು ಮಾಡಿ ಅನ್ನುತ್ತಿರುವುದು.

ಆಮೇಲೆ ಪ್ರತಿಯೊಬ್ಬರಿಗೂ ಬೇಕು-ಬೇಡ ಕೊಡಿ. 2000ರಲ್ಲಿ ಬಂದ ‘ದಿ ಸಿಮ್ಸ್’ ಆಟದಲ್ಲಿ ಒಬ್ಬೊಬ್ಬರಿಗೂ ಹಸಿವು, ದಣಿವು, ಜನರ ಸಂಗ ಅಂತ ಎಂಟು ಅಗತ್ಯಗಳಿದ್ದವು. ಅಲ್ಲಿನ ಜಾಣತನ ಏನು ಅಂದರೆ, ವಸ್ತುಗಳೇ ಪಾತ್ರಗಳನ್ನು ಕರೆಯುತ್ತಿದ್ದವು. ಫ್ರಿಜ್ ‘ನನ್ನ ಹತ್ತಿರ ಬಂದರೆ ಹಸಿವು ಇಷ್ಟು ಕಡಿಮೆಯಾಗುತ್ತದೆ’ ಅಂತ ಸಾರುತ್ತದೆ, ಹಸಿದವನು ಆ ಕಡೆ ನಡೆಯುತ್ತಾನೆ. ನಿಮ್ಮ ಅಜ್ಜನಿಗೆ ಹಸಿವಿಗಿಂತ ಮಾತಿನ ಚಪಲ ಜಾಸ್ತಿ ಇಡಿ. ಅವರು ದೋಸೆ ಮುಗಿದ ಮೇಲೂ ಏಳುವುದಿಲ್ಲ. ನೀವು ಒಂದು ಸಾಲು ಮಾತೂ ಬರೆಯದೆ ಒಂದು ಸ್ವಭಾವ ಸಿಕ್ಕಿತು ಅಲ್ವಾ?

ಮೂರನೆಯದು ಸಂಬಂಧದ ಅಂಕಿ. ಮೈನಸ್ 100ರಿಂದ 100ರವರೆಗೆ ಎರಡು ಅಂಕಿ ಇಡಿ: ಅಕ್ಕರೆ ಒಂದು, ಮರ್ಯಾದೆ ಒಂದು. ಎರಡನ್ನೂ ಬೇರೆ ಬೇರೆ ಇಡುವುದು ಮುಖ್ಯ, ಏಕೆಂದರೆ ಹುಡುಗನಿಗೆ ಮಾಲೀಕನ ಮೇಲೆ ಮರ್ಯಾದೆ ಬೇಕಾದಷ್ಟಿರಬಹುದು, ಅಕ್ಕರೆ ಚೂರೂ ಇಲ್ಲದಿರಬಹುದು. ಅವನಿಗೆ ನಾನು ಇಷ್ಟ ಅಂದಮಾತ್ರಕ್ಕೆ ನನಗೂ ಅವನು ಇಷ್ಟ ಅಂತೇನಿಲ್ಲ, ಹಾಗಾಗಿ ಅಂಕಿ ಎರಡೂ ಕಡೆ ಒಂದೇ ಇರಬಾರದು.

ಈ ಅಂಕಿ ತೋರಿಸಲು ಕನ್ನಡದಂಥ ಭಾಷೆ ಸಿಕ್ಕಿದ್ದು ನಮ್ಮ ಪುಣ್ಯ. ಪರದೆ ಮೇಲೆ ಬಣ್ಣದ ಪಟ್ಟಿ ಬೇಕಿಲ್ಲ, ಒಂದು ಕರೆಯಲ್ಲೇ ಎಲ್ಲ ಗೊತ್ತಾಗುತ್ತದೆ. ಮರ್ಯಾದೆ ಜಾಸ್ತಿ ಇದ್ದರೆ ‘ಬರ್ರಿ, ಕೂತ್ಕಳ್ರಿ’. ಅಕ್ಕರೆ ಇದ್ದರೆ ‘ಬಾರಪ್ಪ’. ಇಬ್ಬರೂ ಗೆಳೆಯರಾದರೆ ‘ಬಾರೋ’. ಇನ್ನೂ ಒಂದು ಸೂಕ್ಷ್ಮ ಇದೆ. ನಿನ್ನೆಯವರೆಗೆ ‘ಬಾರೋ’ ಅನ್ನುತ್ತಿದ್ದ ಗೆಳೆಯ ಜಗಳದ ಮರುದಿನ ಮುಖ ನೋಡದೆ ‘ಬನ್ನಿ, ಏನು ಬೇಕು?’ ಅಂದ ಅಂದರೆ ಸಿಟ್ಟು ಎಷ್ಟಿದೆ ಅಂತ ಹೇಳಬೇಕಾ? ಇದನ್ನು ಒಂದು ನಿಯಮ ಮಾಡಿ: ಅಕ್ಕರೆ 70ರ ಮೇಲಿದ್ದು ಒಮ್ಮೆಲೇ 30 ಕುಸಿದರೆ ಬೈಗುಳ ಬೇಡ, ಬಹುವಚನ ಬರಲಿ. ನಾನು ಮಾಡಿ ನೋಡಿದ ಎಲ್ಲ ನಿಯಮಗಳಲ್ಲಿ ಆಡಿದವರ ಎದೆಗೆ ತಾಗಿದ್ದು ಇದೇ.

ಈಗ ನೆನಪು. ಪ್ರತಿ ಪಾತ್ರಕ್ಕೂ ಒಂದು ಪುಟ್ಟ ಖಾತೆ ಪುಸ್ತಕ ಕೊಡಿ. ಅಕ್ಕನ ಪುಸ್ತಕದಲ್ಲಿ ಹೀಗೊಂದು ಸಾಲು: ‘ಆಟಗಾರ, 60 ರೂಪಾಯಿ ಉದ್ರಿ ಉಳಿಸಿದ, ತೂಕ 7, ಮೂರನೇ ದಿನ.’ ತೂಕ ಅಂದರೆ ಅದು ಮನಸ್ಸಿಗೆ ಎಷ್ಟು ತಾಗಿತು ಅನ್ನುವ ಅಂಕಿ. ಸಣ್ಣಪುಟ್ಟ ನೆನಪಿನ ತೂಕ ದಿನಕ್ಕೆ ಒಂದರಂತೆ ಇಳಿಯಲಿ, 6ರ ಮೇಲಿನದು ಹಾಗೇ ಉಳಿಯಲಿ. 2014ರ ‘ಶ್ಯಾಡೋ ಆಫ್ ಮೊರ್ಡೋರ್’ ಆಟದಲ್ಲಿ ನಿಮ್ಮನ್ನು ಕೊಂದ ಶತ್ರು ಬಡ್ತಿ ಪಡೆದು, ಮುಂದೆ ಎದುರಾದಾಗ ಹಳೆಯದನ್ನೆಲ್ಲ ಎತ್ತಿ ಆಡುತ್ತಿದ್ದ. ಜನ ಆ ಆಟವನ್ನು ಇವತ್ತಿಗೂ ನೆನೆಯುವುದು ಅದಕ್ಕೇ.

ಎಲ್ಲಕ್ಕಿಂತ ರುಚಿಯಾದ ಹೆಜ್ಜೆ ಗಾಳಿಮಾತು. ಹೊಸಬರು ಇಲ್ಲೇ ತಪ್ಪುತ್ತಾರೆ. ಒಂದು ಕಡೆ ಕದ್ದರೆ ಇಡೀ ಊರಿಗೆ ಆ ಕ್ಷಣವೇ ಗೊತ್ತಾಗುವ ಹಾಗೆ ಬರೆಯುತ್ತಾರೆ. ಊರಲ್ಲಿ ಸುದ್ದಿ ನಡೆದುಕೊಂಡು ಹೋಗಬೇಕು. ಕಂಡವರಿಗೆ ಮಾತ್ರ ಗೊತ್ತು. ಅಜ್ಜ ಕಂಡರು, ತೂಕ 8. ಸಂಜೆ ಅಕ್ಕನ ಅಂಗಡಿಗೆ ಹೋದಾಗ ಹೇಳಿದರು, ಅವಳಲ್ಲಿ ತೂಕ 4. ಅವಳಿಂದ ಹುಡುಗನಿಗೆ, 2. ಅಲ್ಲಿಗೆ ನಿಲ್ಲಲಿ. ಹೇಳುವವರಿಗೆ ಕೇಳುವವರ ಮೇಲೆ ಅಕ್ಕರೆ ಇದ್ದರೆ ಮಾತ್ರ ಸುದ್ದಿ ದಾಟಬೇಕು, ಇದನ್ನು ಮರೆಯಬೇಡಿ.

2023ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಚಾಟ್‌ಜಿಪಿಟಿ ಥರದ ಭಾಷಾ ಮಾದರಿ ಬಳಸಿ 25 ಪಾತ್ರಗಳ ಒಂದು ಹಳ್ಳಿ ಕಟ್ಟಿದರು. ಯಾವ ನೆನಪು ಎತ್ತಿಕೊಳ್ಳಬೇಕು ಅನ್ನುವುದಕ್ಕೆ ಅದು ಎಷ್ಟು ಹೊಸದು, ಎಷ್ಟು ಮುಖ್ಯ, ಈಗಿನ ಮಾತಿಗೆ ಎಷ್ಟು ಹೊಂದುತ್ತದೆ ಅಂತ ಮೂರು ಅಳತೆ ಇಟ್ಟಿದ್ದರು. ಒಂದು ಪಾತ್ರಕ್ಕೆ ಪ್ರೇಮಿಗಳ ದಿನದ ಪಾರ್ಟಿ ಮಾಡುವ ಆಸೆ ಕೊಟ್ಟರು, ಅಷ್ಟೇ. ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಕರೆ ಹೋಗಿದ್ದು 12 ಜನಕ್ಕೆ, ಬಂದಿದ್ದು ಐದು ಜನ. ಉಳಿದವರಲ್ಲಿ ನಾಲ್ಕು ಜನ ಆಸಕ್ತಿ ತೋರಿಸಿಯೂ ಬರಲಿಲ್ಲ. ನಮ್ಮ ಮನೆ ಕಾರ್ಯಕ್ರಮಗಳಲ್ಲೂ ಹೀಗೇ ಅಲ್ವಾ! ಆದರೆ ನಿಮ್ಮ ಹೋಟೆಲ್‌ಗೆ ಅಷ್ಟು ದೊಡ್ಡ ಸರಂಜಾಮು ಬೇಡ, ಅಂಕಿ ಮತ್ತು ನಿಯಮ ಸಾಕು.

ಮೈ ಭಾಷೆ ಬಗ್ಗೆ ಒಂದೇ ಮಾತು. ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1966ರಲ್ಲಿ ಆಪ್ತರ ನಡುವಿನ ದೂರ 45 ಸೆಂಟಿಮೀಟರ್ ಒಳಗೆ ಅಂತ ಗುರುತಿಸಿದ್ದರು, ಅದು ಅಮೆರಿಕದವರನ್ನು ನೋಡಿ ಹಾಕಿದ ಅಳತೆ. ಭಾನುವಾರ ಬೆಳಿಗ್ಗೆ ನಮ್ಮ ದೋಸೆ ಹೋಟೆಲ್‌ಗೆ ಬನ್ನಿ. ನೀವು ಕೊನೆ ತುತ್ತು ಚಟ್ನಿಗೆ ಅದ್ದುವಾಗಲೇ ಗೊತ್ತಿಲ್ಲದವರು ನಿಮ್ಮ ಕುರ್ಚಿ ಹಿಡಿದು ಹಿಂದೆ ನಿಂತಿರುತ್ತಾರೆ. ಅದು ಸಲಿಗೆಯೂ ಅಲ್ಲ, ಜಗಳವೂ ಅಲ್ಲ. ಹಾಗಾಗಿ ದೂರದ ನಿಯಮವನ್ನು ಜಾಗ ನೋಡಿ ಬದಲಿಸಿ.

ಕೊನೆಗೆ ಪರೀಕ್ಷೆ. ಆಟಗಾರನಿಲ್ಲದೆ ಹತ್ತು ದಿನ ವೇಗವಾಗಿ ಓಡಿಸಿ, ಖಾತೆ ಪುಸ್ತಕಗಳನ್ನು ಓದಿ. ಎಲ್ಲರೂ ಎಲ್ಲರಿಗೂ ಇಷ್ಟವಾಗಿದ್ದರೆ ಏನೋ ತಪ್ಪಾಗಿದೆ. ಆಮೇಲೆ ನೀವೇ ಆಡಿ. ಅಕ್ಕ ಸುಮ್ನೆ ‘ಮೊದ್ಲು ದುಡ್ಡು ಕೊಡ್ರಿ’ ಅಂದರೆ ಆಟಗಾರನಿಗೆ ಅದು ಪ್ರೋಗ್ರಾಮ್ ಕೆಟ್ಟ ಹಾಗೆ ಕಾಣುತ್ತದೆ. ‘ಅಜ್ಜ ಎಲ್ಲಾ ಹೇಳಿದ್ರು’ ಅಂತ ಸೇರಿಸಿದರೆ ತಕ್ಷಣ ಅರ್ಥವಾಗುತ್ತದೆ. ಅವನು ಉದ್ರಿ ತೀರಿಸಿದ ಕೂಡಲೇ ಅಂಕಿ ಮೊದಲಿನ ಜಾಗಕ್ಕೆ ಹಾರಬಾರದು. ಇನ್ನೆರಡು ದಿನ ‘ಏನ್ ಬೇಕ್ರಿ?’ ಇರಲಿ. ಮೂರನೇ ದಿನ ಮಂಡಕ್ಕಿ ಪೊಟ್ಟಣದ ಮೇಲೆ ಒಂದು ಮಿರ್ಚಿ ಜಾಸ್ತಿ ಇಟ್ಟು ‘ತಗಳಪ್ಪ’ ಅನ್ನಲಿ.