ಗಲ್ಫ್‌ನಲ್ಲಿ ಕೆಲಸ, ಊರಲ್ಲಿ ಬಾಡಿಗೆ ಮನೆ: ಎನ್‌ಆರ್‌ಐಗಳು ತೆರಿಗೆ ಲೆಕ್ಕ ಹಾಕುವುದು ಹೇಗೆ?

ಮೊದಲು ಪಾಸ್‌ಪೋರ್ಟ್ ತೆಗೆದು ದಿನ ಎಣಿಸಿ. ಕೆಲಸಕ್ಕೆಂದು ದೇಶ ಬಿಟ್ಟ ವರ್ಷದಲ್ಲಿ, ಏಪ್ರಿಲ್ 1ರಿಂದ ಮಾರ್ಚ್ 31ರೊಳಗೆ ಭಾರತದಲ್ಲಿದ್ದ ದಿನಗಳು 182 ಮುಟ್ಟದಿದ್ದರೆ ನೀವು ಅನಿವಾಸಿ. ಹೊರಟ ದಿನವನ್ನೂ ಸೇರಿಸಿಕೊಂಡೇ ಎಣಿಸುವುದು ಕ್ಷೇಮ. ಸೆಪ್ಟೆಂಬರ್ 28ಕ್ಕೆ ವಿಮಾನ ಹತ್ತಿದರೆ 181 ದಿನ, ಮರುದಿನ ಹತ್ತಿದರೆ 182. ಮಾರ್ಚ್ 31ರೊಳಗೆ ಹಬ್ಬಕ್ಕೆಂದು ಊರಿಗೆ ಬಂದರೆ ಆ ದಿನಗಳೂ ಲೆಕ್ಕಕ್ಕೆ ಬರುತ್ತವೆ.

ಅನಿವಾಸಿಯಾದರೆ ಹೊರದೇಶದ ಸಂಬಳಕ್ಕೆ ಇಲ್ಲಿ ತೆರಿಗೆಯಿಲ್ಲ, ಆದರೆ ಅದು ಮೊದಲು ಅಲ್ಲಿನ ಖಾತೆಗೇ ಬೀಳಬೇಕು. ಕಂಪನಿ ನೇರವಾಗಿ ಭಾರತದ ಖಾತೆಗೆ ಹಾಕಿದರೆ ‘ಭಾರತದಲ್ಲಿ ಪಡೆದ ಆದಾಯ’ ಎಂಬ ತಕರಾರು ಏಳುತ್ತದೆ. ಅಲ್ಲಿ ಪಡೆದು ಎನ್‌ಆರ್‌ಇ ಖಾತೆಗೆ (ಹೊರದೇಶದ ಗಳಿಕೆ ಇಡಲು ಎನ್‌ಆರ್‌ಐಗಳು ಭಾರತದ ಬ್ಯಾಂಕಿನಲ್ಲಿ ತೆರೆಯುವ ಖಾತೆ) ಕಳಿಸಿ. ಅದರ ಬಡ್ಡಿಗೂ ತೆರಿಗೆಯಿಲ್ಲ. ಊರಲ್ಲಿದ್ದ ಹಳೆಯ ಉಳಿತಾಯ ಖಾತೆಯನ್ನು ಹಾಗೇ ಬಿಡುವಂತಿಲ್ಲ, ಎನ್‌ಆರ್‌ಓ (ಬಾಡಿಗೆಯಂಥ ಇಲ್ಲಿನ ಆದಾಯಕ್ಕಿರುವ ಎನ್‌ಆರ್‌ಐ ಖಾತೆ) ಮಾಡಿಸಬೇಕು.

ಹೆಚ್ಚಿನವರು ಎಡವುವುದು ಬಾಡಿಗೆಯಲ್ಲಿ. ಮಾಲೀಕ ಎನ್‌ಆರ್‌ಐ ಆದರೆ ಬಾಡಿಗೆ ಎಷ್ಟೇ ಚಿಕ್ಕದಿರಲಿ, ಬಾಡಿಗೆದಾರ ಸೆಸ್ ಸೇರಿ ಶೇ. 31.2 ಟಿಡಿಎಸ್ (ಹಣ ಕೊಡುವಾಗಲೇ ಕಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿಯಬೇಕು. ‘ತಿಂಗಳಿಗೆ 50,000 ದಾಟಿದರೆ ಮಾತ್ರ’ ಎನ್ನುವುದು ಇಲ್ಲೇ ಇರುವ ಮಾಲೀಕರ ನಿಯಮ. ಮಂಗಳೂರಿನ ಫ್ಲ್ಯಾಟಿಗೆ 20,000 ಬಾಡಿಗೆ ಎಂದುಕೊಳ್ಳಿ. ತಿಂಗಳಿಗೆ 6,240ರಂತೆ ವರ್ಷಕ್ಕೆ 74,880 ರೂಪಾಯಿ ಕಡಿತ. ಆದರೆ ವರ್ಷದ ಬಾಡಿಗೆ 2.40 ಲಕ್ಷದಲ್ಲಿ ಕಾನೂನು ಬಿಟ್ಟುಕೊಡುವ ಶೇ. 30 ಕಳೆದರೆ ತೆರಿಗೆಗೆ ಬರುವುದು 1.68 ಲಕ್ಷ. 2025–26ರ ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲ. ಬೇರೆ ಆದಾಯವಿಲ್ಲದಿದ್ದರೆ ಪೂರ್ತಿ ಹಣ ವಾಪಸ್, ರಿಟರ್ನ್ ಸಲ್ಲಿಸಿದವರಿಗೆ ಮಾತ್ರ. 12 ಲಕ್ಷದವರೆಗೆ ತೆರಿಗೆಯಿಲ್ಲ ಎಂಬ ರಿಯಾಯಿತಿ ಎನ್‌ಆರ್‌ಐಗಳಿಗಿಲ್ಲ. ಅದನ್ನು ನಂಬಿ ಕೂರಬೇಡಿ.

ತುಂಬಬೇಕಾದ ರಿಟರ್ನ್ ಫಾರ್ಮ್ ಐಟಿಆರ್-2, ಐಟಿಆರ್-1 ನಿಮಗಲ್ಲ. ಅದಕ್ಕೆ ಮೊದಲು ನಿಮ್ಮ ಹೆಸರಿಗೆ ಜಮೆಯಾದ ಟಿಡಿಎಸ್ ತೋರಿಸುವ 26ಎಎಸ್ ತೆರೆದು ನೋಡಿ. ಬಾಡಿಗೆದಾರ ಟ್ಯಾನ್ (ತೆರಿಗೆ ಕಡಿಯುವವರ ಸಂಖ್ಯೆ) ಪಡೆದು, ಕಡಿತದ ವಿವರ ಕೊಡುವ ಫಾರ್ಮ್ 27ಕ್ಯೂ ಸಲ್ಲಿಸದಿದ್ದರೆ ಕಡಿದ ಹಣ ನಿಮ್ಮ ಪಾನ್‌ಗೆ ಬಂದಿರುವುದಿಲ್ಲ, ರಿಫಂಡೂ ಸಿಗದು. ಆಧಾರ್ ಜೋಡಣೆಯಿಂದ ಎನ್‌ಆರ್‌ಐಗಳಿಗೆ ವಿನಾಯಿತಿಯಿದೆ, ಆದರೆ ನೀವು ಅನಿವಾಸಿ ಎಂಬುದು ಇಲಾಖೆಯ ದಾಖಲೆಯಲ್ಲಿ ಇರಬೇಕು. ಇಲ್ಲದಿದ್ದರೆ ಪಾನ್ ನಿಷ್ಕ್ರಿಯವಾಗಿ ರಿಫಂಡ್ ನಿಲ್ಲುತ್ತದೆ. ಸಲ್ಲಿಸಿದ 30 ದಿನದೊಳಗೆ ಇ-ವೆರಿಫೈ ಮಾಡಿ.

ಎನ್‌ಆರ್‌ಓ ಬಡ್ಡಿಗೂ ಬ್ಯಾಂಕು ಶೇ. 31.2 ಹಿಡಿಯುತ್ತದೆ. ಯುಎಇಯಲ್ಲಿರುವವರು ಅಲ್ಲಿನ ತೆರಿಗೆ ನಿವಾಸಿ ಪ್ರಮಾಣಪತ್ರ ತಂದು, ಇಲಾಖೆಯ ನಿಗದಿತ ಫಾರ್ಮ್ ಜೊತೆಗೆ ಬ್ಯಾಂಕಿಗೆ ಕೊಟ್ಟರೆ ಭಾರತ–ಯುಎಇ ತೆರಿಗೆ ಒಪ್ಪಂದದಂತೆ ಶೇ. 12.5 ಸಾಕು. ವರ್ಷ ವರ್ಷವೂ ಹೊಸದಾಗಿ ಕೊಡಬೇಕು. ಮರೆತರೆ ಮತ್ತೆ ಹಳೇ ದರ.

ಭಾರತದ ಆದಾಯ 15 ಲಕ್ಷ ದಾಟಿದವರು ಊರಿನ ವಾಸವನ್ನು 120 ದಿನದೊಳಗೆ ಇಟ್ಟುಕೊಳ್ಳುವುದು ಒಳ್ಳೆಯದು. ಎಲ್ಲೂ ತೆರಿಗೆ ಕಟ್ಟದ ಗಲ್ಫ್‌ನವರ ಭಾರತದ ಆದಾಯ 15 ಲಕ್ಷ ದಾಟಿದರೆ, ಊರಲ್ಲಿ ಎಷ್ಟೇ ದಿನ ಇದ್ದರೂ ಅವರನ್ನು ಕಾನೂನೇ ‘ನಿವಾಸಿ’ ಎಂದು ಭಾವಿಸುತ್ತದೆ. ಗಾಬರಿ ಬೇಡ, ಅದು ‘ಸಾಮಾನ್ಯ ನಿವಾಸಿಯಲ್ಲ’ ಎಂಬ ಅರ್ಧ ದರ್ಜೆ. ಅಲ್ಲಿ ದುಡಿದು ಅಲ್ಲೇ ಪಡೆದ ಸಂಬಳಕ್ಕೆ ಆಗಲೂ ತೆರಿಗೆಯಿಲ್ಲ.

ಮನೆ ಮಾರುವ ಯೋಚನೆಯಿದ್ದರೆ ಕರಾರಿಗೆ ಮೊದಲೇ ಇಲಾಖೆಗೆ ಅರ್ಜಿ ಹಾಕಿ, ಕಡಿಮೆ ಟಿಡಿಎಸ್‌ನ ಪ್ರಮಾಣಪತ್ರ ಪಡೆದುಕೊಳ್ಳಿ. ಅದಿಲ್ಲದಿದ್ದರೆ ಕೊಳ್ಳುವವರು ಲಾಭಕ್ಕಲ್ಲ, ಪೂರ್ತಿ ಬೆಲೆಗೇ ಟಿಡಿಎಸ್ ಹಿಡಿಯುತ್ತಾರೆ.