ಕಾರ್ಟಿಸೋಲ್ ಟೆಸ್ಟಾ? ಮೊದಲು ಮಾತ್ರೆ ಚೀಲ ತೋರಿಸಿ

ದಾವಣಗೆರೆಯ ಲ್ಯಾಬೊಂದರಲ್ಲಿ ರಕ್ತ ತೆಗೆಯುವುದು ನನ್ನ ಕೆಲಸ. ಕಾರ್ಟಿಸೋಲ್ ಅಂದರೆ ದೇಹವೇ ತಯಾರಿಸುವ ಒಂದು ಸ್ಟೀರಾಯ್ಡ್ ಹಾರ್ಮೋನು. ಕಾರ್ಟಿಸೋಲ್ ಟೆಸ್ಟ್‌ಗೆ ಚೀಟಿ ಹಿಡಿದು ಬಂದವರನ್ನು ಮೊದಲು ಕೇಳುತ್ತೇನೆ: ಮಂಡಿನೋವಿಗೆ, ದಮ್ಮಿಗೆ, ತುರಿಕೆಗೆ ಏನೇನು ತಗೊಂಡಿದ್ದೀರಿ? ಕಾರ್ಟಿಸೋಲ್ ಅಥವಾ ಅದರಂಥ ಸ್ಟೀರಾಯ್ಡ್ ದೇಹದಲ್ಲಿ ಅತಿಯಾದಾಗ ಬರುವ ಕಾಯಿಲೆ ಕುಶಿಂಗ್ ಸಿಂಡ್ರೋಮ್. ಈ ಕುಶಿಂಗ್ ಸಿಂಡ್ರೋಮ್‌ಗೆ ಎಲ್ಲಕ್ಕಿಂತ ದೊಡ್ಡ ಕಾರಣವೇ ಸ್ಟೀರಾಯ್ಡ್ ಔಷಧಿ. ಜಗಳೂರು ಕಡೆಯ ಅಜ್ಜಿಯೊಬ್ಬರು "ಮಾತ್ರೆ ಏನೂ ಇಲ್ಲವ್ವ" ಅಂದರು. ಸೊಸೆ ಬ್ಯಾಗಿನಿಂದ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯ ಪಟ್ಟಿ ತೆಗೆದಳು! ಅಂಥವರಿಗೆ ಮುಖ ಊದಿದ್ದರೂ ದೇಹದ ಸ್ವಂತ ಕಾರ್ಟಿಸೋಲ್ ಕಮ್ಮಿ ಬರಬಹುದು. ಮುಲಾಮು, ಇಂಜೆಕ್ಷನ್ ಕೂಡ ಹೇಳಿ. ಆದರೆ ನೀವಾಗಿಯೇ ದಿಢೀರನೆ ನಿಲ್ಲಿಸಬೇಡಿ, ಜೀವಕ್ಕೇ ಅಪಾಯ.

ಬಿಪಿ, ಶುಗರ್, ಬೊಜ್ಜು ಬೇಕಾದಷ್ಟು ಜನಕ್ಕಿದೆ. ಡಾಕ್ಟರಿಗೆ ಅನುಮಾನ ಬರುವುದು ಬೇರೆ ಗುರುತುಗಳಿಂದ. ಹೊಟ್ಟೆ ಮೇಲೆ 1 ಸೆಂ.ಮೀ.ಗಿಂತ ಅಗಲದ ನೇರಳೆ ಗೀರು, ಸುಮ್ನೆ ತಾಗಿದರೂ ಕಂದುವ ಚರ್ಮ, ಕುಕ್ಕರಗಾಲಲ್ಲಿ ಕೂತರೆ ಏಳಲಾಗದಷ್ಟು ಸೋತ ತೊಡೆ.

ಬೆಳಿಗ್ಗೆ ಒಮ್ಮೆ ಕಾರ್ಟಿಸೋಲ್ ನೋಡಿದರೆ ಈ ಕಾಯಿಲೆ ತಿಳಿಯುವುದಿಲ್ಲ. ಆರೋಗ್ಯವಂತರಿಗೂ ಆಗ ಅದು ಜಾಸ್ತಿಯೇ. ಹಾಗಾಗಿ ರಾತ್ರಿ 11–12ಕ್ಕೆ ಕಾರ್ಟಿಸೋಲ್ ಇಳಿಸುವ ಡೆಕ್ಸಾಮೆಥಾಸೋನ್ ಮಾತ್ರೆ 1 ಮಿ.ಗ್ರಾಂ. ನುಂಗಿಸಿ, ಬೆಳಿಗ್ಗೆ 8–9ಕ್ಕೆ ರಕ್ತ ತೆಗೆಯುತ್ತಾರೆ. ಕಾರ್ಟಿಸೋಲ್ ಡೆಸಿಲೀಟರಿಗೆ 1.8 ಮೈಕ್ರೋಗ್ರಾಂ ಒಳಗೆ ಇಳಿಯಬೇಕು. ಇಳಿಯದಿದ್ದರೆ ಅನುಮಾನ. ಹರಿಹರದವರು ಬೆಳಿಗ್ಗೆ ಬಸ್ ಹತ್ತಿ ಬರಬಹುದು, ದೂರದವರು ಹಿಂದಿನ ರಾತ್ರಿ ನೆಂಟರ ಮನೆಯಲ್ಲಿ ಉಳಿಯುವುದೇ ವಾಸಿ. ಫಿಟ್ಸ್‌ನ ಕೆಲವು ಮಾತ್ರೆ, ಟಿಬಿಯ ರಿಫಾಂಪಿಸಿನ್, ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಈ ಲೆಕ್ಕವನ್ನು ಕೆಡಿಸುತ್ತವೆ.

24 ಗಂಟೆಯ ಮೂತ್ರ ಕೂಡಿಟ್ಟು ಕಾರ್ಟಿಸೋಲ್ ನೋಡುವ ಟೆಸ್ಟೂ ಇದೆ, ಅದರಲ್ಲಿ ಎಡವಟ್ಟು ಜಾಸ್ತಿ. ಬೆಳಿಗ್ಗೆ ಎದ್ದಾಗಿನ ಮೊದಲ ಮೂತ್ರ ಚೆಲ್ಲಿ, ಗಂಟೆ ಬರೆದಿಡಿ. ಆಮೇಲಿನದೆಲ್ಲ ಕ್ಯಾನಿಗೆ, ಮರುದಿನ ಬೆಳಗಿನ ಮೊದಲನೆಯದೂ ಸೇರಿ. ಮದುವೆಮನೆಗೆ ಹೋಗುವ ದಿನ ಇದನ್ನು ಇಟ್ಟುಕೊಳ್ಳಬೇಡಿ. ಕ್ಯಾನ್ ತಂಪಾಗಿರಲಿ. ಮಧ್ಯರಾತ್ರಿಯ ಎಂಜಲು ಟೆಸ್ಟೂ ಇದೆ. ಎಲೆ-ಅಡಿಕೆ ಜೊತೆ ತಂಬಾಕು ಹಾಕುವವರು, ಅತಿಮಧುರ ತಿನ್ನುವವರು ಮೊದಲೇ ಹೇಳಿಬಿಡಿ, ಸುಳ್ಳು ಹೆಚ್ಚಳ ಬರಬಹುದು. ನೈಟ್ ಶಿಫ್ಟ್‌ನವರಿಗೆ ಈ ಟೆಸ್ಟ್ ಹೊಂದುವುದಿಲ್ಲ. ಮೂತ್ರ, ಎಂಜಲು ಎರಡನ್ನೂ ಕನಿಷ್ಠ ಎರಡು ಸಲ ನೋಡುತ್ತಾರೆ.

ಕಾರ್ಟಿಸೋಲ್ ನಿಜಕ್ಕೂ ಜಾಸ್ತಿ ಅಂತ ಖಾತ್ರಿಯಾದ ಮೇಲೆ ಎಸಿಟಿಎಚ್ ಟೆಸ್ಟ್. ಕಾರ್ಟಿಸೋಲ್ ತಯಾರಿಸು ಎಂದು ಹೇಳುವ ಹಾರ್ಮೋನು ಇದು. ನೇರಳೆ ಮುಚ್ಚಳದ ಟ್ಯೂಬಿಗೆ ರಕ್ತ ತೆಗೆದು ತಕ್ಷಣ ಐಸ್‌ನಲ್ಲಿಡುತ್ತೇವೆ. ಅದು ತೀರಾ ಕಮ್ಮಿ ಇದ್ದರೆ ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥಿಗೆ ಸಿಟಿ ಸ್ಕ್ಯಾನ್. ಇಲ್ಲದಿದ್ದರೆ ಹೆಚ್ಚಾಗಿ ಮೆದುಳಿನ ಬುಡದ ಪಿಟ್ಯುಟರಿಗೆ ಎಂಆರ್‌ಐ. "ಮೊದಲೇ ಸ್ಕ್ಯಾನ್ ಮಾಡಿಸಿಬಿಡೋಣ" ಅನ್ನುವವರಿದ್ದಾರೆ. ಬೇಡ. ಏನೂ ಕಾಯಿಲೆ ಇಲ್ಲದವರ ಪಿಟ್ಯುಟರಿಯಲ್ಲೂ ಸಣ್ಣ ಗಂಟು ಕಾಣುವುದುಂಟು.