‘ಪಾಸೋ ಫೇಲೋ ಅಷ್ಟ ಹೇಳ್ರಿ ಸರ’: ಫಲಿತಾಂಶವನ್ನು ಪೋಷಕರಿಗೆ ತಿಳಿಸುವುದು ಹೇಗೆ?

ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕಲಿಸುವ ಯಾರಿಗೂ ಪೋಷಕರ ಈ ಮಾತು ಹೊಸದಲ್ಲ. ಪರೀಕ್ಷೆ ಮುಗಿದಿದೆ, ಫಲಿತಾಂಶದ ಹಾಳೆ ಕೈಗೆ ಬಂದಿದೆ, ಪೋಷಕರನ್ನು ಕರೆದಿದ್ದೇವೆ. ನಾವು ಗ್ರೇಡು, ಶೇಕಡಾ, ಸರಾಸರಿ, ಜಿಲ್ಲೆಗೆ ಎಷ್ಟನೇ ಸ್ಥಾನ ಅಂತ ಹೇಳುತ್ತಾ ಹೋಗುತ್ತೇವೆ. ಅವರು ತಲೆ ಆಡಿಸುತ್ತಾರೆ, ಸಹಿಯನ್ನೋ ಹೆಬ್ಬೆಟ್ಟನ್ನೋ ಒತ್ತಿ ಎದ್ದು ಹೋಗುತ್ತಾರೆ. ತಮ್ಮ ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಅನ್ನುವುದು ಮಾತ್ರ ಅವರಿಗೆ ಗೊತ್ತಾಗಿರುವುದಿಲ್ಲ. ರಾಯಚೂರು ಜಿಲ್ಲೆಯ ಹಳ್ಳಿ ಶಾಲೆಯಲ್ಲಿ ಕಲಿಸುವ ನನಗೆ ಅನ್ನಿಸುವುದು ಇಷ್ಟು: ಅಂಕ ಹೇಳಿದರೆ ಸಾಲದು, ಉತ್ತರ ಪತ್ರಿಕೆ ಬಿಚ್ಚಿ ಒಂದೊಂದು ಲೆಕ್ಕವನ್ನೂ ತೋರಿಸಬೇಕು. ಅದನ್ನು ಹೇಗೆ ಮಾಡುವುದು ಅಂತ ನೋಡೋಣ.

ಇದು ಯಾರ ಫಲಿತಾಂಶ?

ಸಭೆಗೆ ಮೊದಲು ಶಿಕ್ಷಕರೇ ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಪೇಪರಿನಲ್ಲಿ ‘ನಮ್ಮ ಜಿಲ್ಲೆ ಹಿಂದೆ’ ಅಂತ ಬಂದಾಗ ಪೋಷಕರು ಅದನ್ನು ತಮ್ಮ ಮಗನ ಮಾರ್ಕ್ಸು ಅಂದುಕೊಳ್ಳುತ್ತಾರೆ. ಹಾಗಲ್ಲ. 2021ರ ನವೆಂಬರ್ 12ರಂದು 3, 5, 8 ಮತ್ತು 10ನೇ ತರಗತಿಗೆ ನಡೆದ ರಾಷ್ಟ್ರೀಯ ಸಾಧನಾ ಸಮೀಕ್ಷೆ, 2024ರ ಡಿಸೆಂಬರ್ 4ರಂದು 3, 6 ಮತ್ತು 9ನೇ ತರಗತಿಗೆ ನಡೆದ, ಅದರ ಜಾಗಕ್ಕೆ ಬಂದ ಪರಖ್ ಸಮೀಕ್ಷೆ, ಇವೆರಡೂ ಮಾದರಿ ಸಮೀಕ್ಷೆಗಳು. ಕೆಲವು ಶಾಲೆ ಆರಿಸಿ, ಅಲ್ಲಿ ಕೆಲವು ಮಕ್ಕಳನ್ನು ಆರಿಸಿ ಪರೀಕ್ಷೆ ಮಾಡುತ್ತಾರೆ. ಪರಖ್ ನಡೆದದ್ದು ದೇಶದ 781 ಜಿಲ್ಲೆಗಳಲ್ಲಿ. ಅದರಿಂದ ಜಿಲ್ಲೆಯ ಸ್ಥಿತಿ ಗೊತ್ತಾಗುತ್ತದೆ, ನಿಮ್ಮೂರಿನ ಮಲ್ಲಮ್ಮನದ್ದಲ್ಲ. ಇನ್ನೊಂದು ಮಾತು. 2021ರ ಸಮೀಕ್ಷೆಯ ಅಂಕಗಳು 500ರ ಅಳತೆಗೆ ಹೊಂದಿಸಿದವು. 250 ಅಂದರೆ ಅರ್ಧ ಪ್ರಶ್ನೆಗೆ ಸರಿ ಉತ್ತರ ಬಂತು ಅಂತ ಅರ್ಥವಲ್ಲ. ಹಾಗೆ ಹೇಳಿಬಿಡುವವರು ನಮ್ಮಲ್ಲೂ ಇದ್ದಾರೆ.

ಮಗುವಿನ ಫಲಿತಾಂಶ ಅಂದರೆ ಶಾಲೆಯಲ್ಲೇ ನಡೆಯುವ ಎಫ್‌ಎ (ರೂಪಣಾತ್ಮಕ), ಎಸ್‌ಎ (ಸಂಕಲನಾತ್ಮಕ) ಪರೀಕ್ಷೆಗಳದ್ದು, ಜೊತೆಗೆ ರಾಜ್ಯಮಟ್ಟದಲ್ಲಿ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು ನಡೆಸಿದ ಮೌಲ್ಯಾಂಕನ ಇದ್ದರೆ ಅದರದ್ದು. ಪೋಷಕರ ಮುಂದೆ ಇಡಬೇಕಾದದ್ದು ಇದನ್ನು.

ಸಭೆಯ ಹಿಂದಿನ ದಿನದ ಕೆಲಸ

ಒಂದು ಹಾಳೆ ತೆಗೆದುಕೊಳ್ಳಿ. ಎಡಕ್ಕೆ ಮಕ್ಕಳ ಹೆಸರು, ಮೇಲೆ ಪ್ರಶ್ನೆ ಸಂಖ್ಯೆ. ಸರಿ ಇದ್ದಲ್ಲಿ ಟಿಕ್ಕು, ತಪ್ಪಿದ್ದಲ್ಲಿ ಖಾಲಿ ಬಿಡಿ. ಒಂದು ತರಗತಿಗೆ ಒಂದು ಗಂಟೆಯೂ ಬೇಡ. ಆಮೇಲೆ ಹಾಳೆಯನ್ನು ಮೇಲಿಂದ ಕೆಳಗೆ ಓದಿ. ಯಾವುದೋ ಒಂದು ಪ್ರಶ್ನೆಯ ಸಾಲು ಪೂರ್ತಿ ಖಾಲಿ ಇದ್ದರೆ ತಪ್ಪು ಮಕ್ಕಳದ್ದಲ್ಲ, ಆ ಪಾಠ ನಾವು ಕಲಿಸಿದ್ದೇ ಸಾಲದು. ಇದನ್ನು ಸಭೆಯಲ್ಲಿ ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಪೋಷಕರಿಗೆ ಶಾಲೆಯ ಮೇಲೆ ನಂಬಿಕೆ ಜಾಸ್ತಿಯಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಆಯ್ಕೆ ಪ್ರಶ್ನೆಗಳ ಬಗ್ಗೆ ಸ್ವಲ್ಪ ಎಚ್ಚರ ಇರಲಿ. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ 20 ಪ್ರಶ್ನೆ ಇದ್ದರೆ, ಏನೂ ಓದದೆ ಸುಮ್ನೆ ಗುರುತು ಹಾಕಿದವನಿಗೂ ಐದರ ಆಸುಪಾಸು ಸರಿ ಬಂದೇ ಬರುತ್ತವೆ. ಅದಕ್ಕೇ ಐದು ಬಂದ ಮಗುವಿಗೂ ಆರು ಬಂದ ಮಗುವಿಗೂ ವ್ಯತ್ಯಾಸ ಇದೆ ಅಂತ ಹೇಳಲು ಹೋಗಬೇಡಿ.

ಯಾವಾಗ ಕರೆಯುವುದು?

ಹಗಲು ಹನ್ನೊಂದು ಗಂಟೆಗೆ ಕರೆದರೆ ಹತ್ತಿ ಬಿಡಿಸುವ ಕಾಲದಲ್ಲಿ ಯಾರು ಬರುತ್ತಾರೆ? ಬಿಡಿಸಿದ ಹತ್ತಿಯ ತೂಕಕ್ಕೆ ಕೂಲಿ, ಅರ್ಧ ದಿನ ಹೋದರೆ ಅರ್ಧ ಕೂಲಿ ಹೋದಂತೆ. ಸಂಜೆ ಇಟ್ಟುಕೊಳ್ಳಿ, ಇಲ್ಲವೇ ಎತ್ತು ಹೂಡದ ಅಮಾವಾಸ್ಯೆಯ ದಿನ ಇಟ್ಟುಕೊಳ್ಳಿ. ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮದ ದಿನ ಹೇಗೂ ಉತ್ತರ ಪತ್ರಿಕೆ ತೋರಿಸಬೇಕು. ಆದರೆ ಆ ಒಂದೇ ದಿನಕ್ಕೆ ಎಲ್ಲರೂ ಬರುತ್ತಾರೆ ಅಂತ ನಂಬಿ ಕೂರಬೇಡಿ. ಗುಳೆ ಹೋದ ಮನೆಗಳಲ್ಲಿ ಅಜ್ಜಿಯೇ ಪೋಷಕಿ, ಅವರನ್ನೂ ಕರೆಯಿರಿ. ತಾಂಡಾದಿಂದ ಬರುವವರಿಗೆ, ತೆಲುಗು, ಉರ್ದು ಮನೆಮಾತಿನವರಿಗೆ ಅವರ ಮಾತಿನಲ್ಲೇ ಹೇಳಬಲ್ಲ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರೊಬ್ಬರು ಪಕ್ಕದಲ್ಲಿದ್ದರೆ ಅರ್ಧ ಕೆಲಸ ಆದಂತೆ.

ಒಬ್ಬೊಬ್ಬರ ಜೊತೆ ಐದೈದು ನಿಮಿಷ

ಎಲ್ಲರ ಎದುರು ಅಂಕ ಓದಬೇಡಿ. ‘ಅವಳಿಗೆ 35, ನಿನಗೆ ಯಾಕೆ 12?’ ಅಂದ ಸಭೆಯಿಂದ ಮನೆಗೆ ಹೋದ ಮಗುವಿಗೆ ಆ ರಾತ್ರಿ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತು. ಒಬ್ಬೊಬ್ಬರನ್ನೇ ಕೂರಿಸಿ, ಮಗುವೂ ಪಕ್ಕದಲ್ಲಿರಲಿ. ಮೊದಲು ಬರುವುದನ್ನು ತೋರಿಸಿ. ‘ನೋಡಕ್ಕಾ, ನಿನ್ನ ಮಗಳು ಈ ಪ್ಯಾರಾ ಓದಿ ತಾನೇ ಉತ್ತರ ಬರೆದಾಳ.’ ಆಮೇಲೆ ಬಾರದ ಒಂದನ್ನು ಮಾತ್ರ ತೆಗೆಯಿರಿ.

ಭಿನ್ನರಾಶಿಯನ್ನೇ ತೆಗೆದುಕೊಳ್ಳೋಣ. ಕಾಲು ದೊಡ್ಡದೋ ಅರ್ಧ ದೊಡ್ಡದೋ ಅಂದರೆ ಬಹಳ ಮಕ್ಕಳು ಕಾಲು ದೊಡ್ಡದು ಅಂತ ಬರೆಯುತ್ತಾರೆ, ಯಾಕೆಂದರೆ ಕೆಳಗೆ 4 ಇದೆ, ಅದು 2ಕ್ಕಿಂತ ದೊಡ್ಡದಲ್ವಾ ಅನ್ನುವುದು ಅವರ ಲೆಕ್ಕ. ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. ಪರಖ್ ಸಮೀಕ್ಷೆಯಲ್ಲಿ ದೇಶದ 6ನೇ ತರಗತಿಯ ಮಕ್ಕಳಿಗೆ ಗಣಿತದಲ್ಲಿ ಬಂದದ್ದು ಸರಾಸರಿ ಶೇ 46. ಸಾಮಾನ್ಯ ಭಿನ್ನರಾಶಿಗಳನ್ನು ಹೋಲಿಸಲು ಬಂದದ್ದು ಶೇ 29 ಮಕ್ಕಳಿಗೆ. ಈ ಅಂಕಿ ನಿಮಗಿರಲಿ. ತಾಯಿಗೆ ಆ ಪ್ರಶ್ನೆ ಓದಿ ಹೇಳಿ, ಮಗಳು ಬರೆದ ಉತ್ತರ ತೋರಿಸಿ. ‘ಅಯ್ಯ, ಪಾವ್‌ಕಿಲೋ ಬ್ಯಾಳಿ ಅರ್ಧ ಕಿಲೋಕ್ಕಿಂತ ಜಾಸ್ತಿ ಹೆಂಗ ಆಗ್ತದ?’ ಅಂತ ಅವರೇ ಕೇಳುತ್ತಾರೆ. ಶಾಲೆಯ ಮೆಟ್ಟಿಲು ಹತ್ತದ ತಾಯಿಗೂ ಆ ಕ್ಷಣದಲ್ಲಿ ಮಗಳ ಗಣಿತ ಎಲ್ಲಿ ನಿಂತಿದೆ ಅಂತ ಗೊತ್ತಾಗಿಹೋಗುತ್ತದೆ. ಮನೆಯಲ್ಲಿ ಏನು ಮಾಡಬೇಕು ಅನ್ನುವುದೂ ಅಲ್ಲೇ ಸಿಕ್ಕಿತು: ಅಂಗಡಿಗೆ ಕಳಿಸಿದಾಗಲೆಲ್ಲ ತೂಕ, ರೊಕ್ಕ ಎರಡರ ಲೆಕ್ಕವನ್ನೂ ಅವಳಿಂದಲೇ ಹೇಳಿಸುವುದು.

ಗ್ರೇಡಿನ ಬಗ್ಗೆ ಕೇಳಿದರೆ ಹೇಳಿ. 90ರ ಮೇಲೆ ಎ ಪ್ಲಸ್, 70ರಿಂದ 89 ಎ, 50ರಿಂದ 69 ಬಿ ಪ್ಲಸ್, 30ರಿಂದ 49 ಬಿ, ಅದಕ್ಕಿಂತ ಕೆಳಗೆ ಸಿ. 69 ಬಂದವನೂ 50 ಬಂದವನೂ ಒಂದೇ ಗ್ರೇಡಿನಲ್ಲಿರುತ್ತಾರೆ. ಹಾಗಾಗಿ ಎರಡು ಸಲವೂ ಬಿ ಪ್ಲಸ್ ಬಂದರೆ ಮಗು ನಿಂತಲ್ಲೇ ನಿಂತಿದೆ ಅಂತ ತಿಳಿಯಬೇಕಿಲ್ಲ.

‘ಫೇಲಾ?’ ಅಂದರೆ ನೇರವಾಗಿ ಉತ್ತರ ಕೊಡಿ. 2023ರ ಮಾರ್ಚ್‌ನಲ್ಲಿ 5 ಮತ್ತು 8ನೇ ತರಗತಿಗೆ ರಾಜ್ಯಮಟ್ಟದ ಮೌಲ್ಯಾಂಕನ ನಡೆದಾಗಲೂ ಯಾವ ಮಗುವನ್ನೂ ಫೇಲ್ ಮಾಡುವಂತಿರಲಿಲ್ಲ. ಮರುವರ್ಷದ್ದು ಸುಪ್ರೀಂ ಕೋರ್ಟ್‌ವರೆಗೆ ಹೋಗಿ ಫಲಿತಾಂಶಕ್ಕೇ ತಡೆ ಬಂತು. ಆ ಗದ್ದಲದಲ್ಲಿ ಹುಟ್ಟಿದ ಹೆದರಿಕೆ ಇನ್ನೂ ಊರಲ್ಲಿದೆ. ಈ ಹೆದರಿಕೆಗೆ ಹುಡುಗಿಯರ ಶಾಲೆ ಬಿಡಿಸುವವರು ಇದ್ದಾರೆ, ಅದಕ್ಕೇ ಈ ಮಾತನ್ನು ಎರಡು ಸಲ ಹೇಳಿ.

ಶಾಲೆಯ ಸರಾಸರಿ ಕೇಳಿದರೆ

ಎಸ್‌ಡಿಎಂಸಿಯವರು ಕೇಳಿಯೇ ಕೇಳುತ್ತಾರೆ, ಕೇಳಬೇಕು ಕೂಡ. ಸಣ್ಣ ಶಾಲೆಯ ಸರಾಸರಿ ಒಂದೇ ಮಗುವಿನಿಂದ ಅಲ್ಲಾಡುತ್ತದೆ ಅಂತ ಲೆಕ್ಕ ಹಾಕಿ ತೋರಿಸಿ. 12 ಮಕ್ಕಳಲ್ಲಿ 11 ಜನಕ್ಕೆ ತಲಾ 24 ಬಂದು, ತಿಂಗಳುಗಟ್ಟಲೆ ಗುಳೆ ಹೋಗಿ ಬಂದ ಒಬ್ಬನಿಗೆ ಸೊನ್ನೆ ಬಂದರೆ ಸರಾಸರಿ 22ಕ್ಕೆ ಇಳಿಯುತ್ತದೆ. ಇದನ್ನು ನೆಪಕ್ಕಾಗಿ ಹೇಳಬೇಡಿ. ಆ ಒಬ್ಬನಿಗೆ ನಾವು ಏನು ಮಾಡುತ್ತೇವೆ, ಯಾವ ಹೊತ್ತಿನಲ್ಲಿ ಬೇರೆ ಕೂರಿಸಿಕೊಂಡು ಕಲಿಸುತ್ತೇವೆ ಅನ್ನುವುದನ್ನೂ ಅದೇ ಸಭೆಯಲ್ಲಿ ಹೇಳಿ ನಡಾವಳಿಯಲ್ಲಿ ಬರೆಸಿ.

8ನೇ ತರಗತಿಯ ಪೋಷಕರನ್ನು ಮಾತ್ರ ಇನ್ನು ಹತ್ತು ನಿಮಿಷ ಕೂರಿಸಿಕೊಳ್ಳಿ. ಸರ್ಕಾರಿ, ಅನುದಾನಿತ ಶಾಲೆಯಲ್ಲಿ ಓದುತ್ತಿದ್ದು, 7ನೇ ತರಗತಿಯಲ್ಲಿ ಶೇ 55 ಬಂದಿದ್ದು, ಮನೆಯ ವರ್ಷದ ಆದಾಯ ಮೂರೂವರೆ ಲಕ್ಷದೊಳಗಿದ್ದರೆ ಮಗು ಎನ್‌ಎಂಎಂಎಸ್ ಅನ್ನುವ ವಿದ್ಯಾರ್ಥಿವೇತನದ ಪರೀಕ್ಷೆ ಬರೆಯಬಹುದು. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಅಂಕದಲ್ಲಿ ಶೇ 5 ರಿಯಾಯಿತಿ ಇದೆ. ಆಯ್ಕೆಯಾದರೆ 9ರಿಂದ 12ನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ. ಆದಾಯ ಪ್ರಮಾಣಪತ್ರ ಮಾಡಿಸಲು ಅವತ್ತೇ ಹೇಳಿ. ಆಧಾರ್‌ನಲ್ಲಿರುವ ಹೆಸರೂ ಶಾಲೆ ದಾಖಲಾತಿಯಲ್ಲಿರುವ ಹೆಸರೂ ಒಂದೇ ಇದೆಯಾ ಅಂತ ಅವರ ಎದುರೇ ನೋಡಿ, ಬೇರೆ ಇದ್ದರೆ ತಿದ್ದಿಸಲು ಎಲ್ಲಿಗೆ ಹೋಗಬೇಕು ಅಂತ ಚೀಟಿ ಬರೆದುಕೊಡಿ.